‘ಗ್ಯಾಸ್ ಆಗೈತ್ರಿ’ ಅಂದಾಕಿ ನಾನು

ದೀಪಾವಳಿ ಸೂಟಿಗೆ ಮಗಳು ಬೆಳಗಾವಿಯಿಂದ ಮನಿಗೆ ಬಂದಿದ್ಳು. ಡಾಕ್ಟರಕಿ ಕಲಿಯಾಕತ್ತಾಳ ಅನ್ನೂದು ನಿಮಗೆಲ್ಲಾ ಗೊತ್ತೈತಿ, ಈಗ ಮೂರನೇ ವರ್ಷ. ಬಂದಾಕಿನ ಬ್ಯಾಗ್ ಪಡಸಾಲ್ಯಾಗ ಒಗದು, ಕೈಕಾಲ ತೊಳಕೊಂಡು ಒಲಿ ಮಗ್ಗಲಕ ಬಂದು ಕುಂತ್ಳು. ಹಂಚಿನ ಮ್ಯಾಲಿಂದ ಇಳಿಸಿದ ಬಿಸಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಬಾಜೂಕ ಗುರೆಳ್ಳ ಚಟ್ನಿ. ಮೂರನೇ ರೊಟ್ಟಿ ಮುರೀತ ಮುರೀತ, “ಅವ್ವಾ, ನನಗೊಂದು ಪೇಷಂಟ್ ಬೇಕು” ಅಂದ್ಳು. ಸ್ವಲ್ಪ ಉಪ್ಪು ಬೇಕು ಅಂದಂಗ ಅಂದ್ಳು.

“ಹಬ್ಬದಾಗ ಎಂಥಾ ಮಾತ ಇದು? ಮನ್ಯಾಗ ಎಲ್ಲಾರೂ ಆರಾಮ ಅದೇವಿ” ಅಂದೆ.

“ಜಡ್ಡು ಇರಬೇಕಂತ ಏನಿಲ್ಲವ್ವಾ. ನಾನು ಕೇಳೂದನ್ನ ಕಲೀಬೇಕು. ಹಿಸ್ಟರಿ ತೊಗೊಳ್ಳೂದು ಅಂತಾರ ಅದಕ್ಕ.”

ನಮ್ಮ ಬೈಲಹೊಂಗಲದಾಗ ಹಿಸ್ಟರಿ ಅಂದ್ರ ರಾಣಿ ಚೆನ್ನಮ್ಮನ ಸಮಾಧಿ. ಸಾಲಿ ಹುಡುಗೂರನ್ನ ಸಾಲ ಹಚ್ಚಿ ಅಲ್ಲಿಗೆ ಕರಕೊಂಡ ಹೋಗ್ತಾರ. ನನಗ ಗೊತ್ತಿದ್ದ ಹಿಸ್ಟರಿ ಅಷ್ಟ. ಡಾಕ್ಟರ್ ಓದಿನ್ಯಾಗ ಹಿಸ್ಟರಿ ಅಂದ್ರ ಜಡ್ಡಿನ ಕಥಿಯಂತ. ಯಾವಾಗ ಸುರು ಆತು, ಹೆಂಗ ಸುರು ಆತು, ಏನ ಮಾಡಿದ್ರ ಹೆಚ್ಚಾಕ್ಕೈತಿ, ಏನ ಮಾಡಿದ್ರ ಕಡಿಮಿ ಆಕ್ಕೈತಿ, ಮನ್ಯಾಗ ಯಾರಿಗರ ಹಿಂಗ ಆಗಿತ್ತೇನು, ಇದನ್ನೆಲ್ಲಾ ರೋಗಿ ಬಾಯಿಂದ ಹೊರಗ ತಗಿಯೂದು. ಅದನ್ನ ಪುಸ್ತಕದಾಗ ಓದಿ ಕಲಿಯಾಕ ಬರೂದಿಲ್ಲಂತ. ಮಂದಿ ಮುಂದ ಕುಂತು ಕೇಳಿ ಕೇಳೀನ ಕಲೀಬೇಕಂತ.

ಪಡಸಾಲ್ಯಾಗ ನಮ್ಮ ಅತ್ತಿ ಕಾಲ ಚಾಚಿಕೊಂಡು ಜೋಳಾ ಹಸನು ಮಾಡಾಕತ್ತಿದ್ರು. ಮಗಳು ಹೋಗಿ ಅವರ ಎದುರಿಗೆ ಚಕ್ಕಳಬಕ್ಕಳ ಹಾಕ್ಕೊಂಡು ಕುಂತ್ಳು. “ಆಯಿ, ಮೈ ಹೆಂಗೈತಿ ಹೇಳು. ಈಗ ಒಂದು ವರ್ಷದಾಗ ಏನರ ಬದಲಾಗೈತೇನು?”

ನಾನು ಅಡಗಿ ಮನಿಯಿಂದನ ಒದರಿದೆ, “ಅಕ್ಕೊಂದ ಮೊಣಕಾಲ ನೋವು, ಬಿ.ಪಿ. ಗುಳಿಗಿ ನಡದಾವು, ರಾತ್ರಿ ನಿದ್ದಿ ಕಡಿಮಿ. ಮತ್ತೇನಿಲ್ಲ.”

ಮಗಳು ತಿರುಗಿ ನೋಡಿ, “ಅವ್ವಾ, ಪೇಷಂಟ್ ನೀನೋ ಆಯಿನೋ?” ಅಂದ್ಳು.

ನಗಾಡಿಕೋತನ ಅಂದ್ಳು ಅಕಿ. ಆದ್ರ ನನ್ನ ಕೈಯಾಗಿನ ಹಿಟ್ಟು ಕೈಯಾಗನ ಉಳೀತು. ಯಾಕ ಅನ್ನೂದನ್ನ ಮುಂದ ಹೇಳ್ತೀನಿ.

ಅತ್ತಿ ಮೊದಲು ಮೊಣಕಾಲಿಂದ ಹೇಳಿದ್ರು. ಆಮ್ಯಾಲ ನಿದ್ದಿದು. ಆಮ್ಯಾಲ ಸುಮ್ಮನಾದ್ರು. ನಾನಾಗಿದ್ರ ಅಷ್ಟೊತ್ತಿಗೆ ಮುಂದಿನ ಪ್ರಶ್ನಿ ಒಗೀತಿದ್ದೆ, ಇಲ್ಲಾ ಎದ್ದು ಹೋಗ್ತಿದ್ದೆ. ಮಗಳು ಹಂಗ ಮಾಡಲಿಲ್ಲ. ಜೋಳದಾಗಿನ ಒಂದು ಹಳ್ಳ ಆರಿಸಿ ಒಗದು, “ಆಮ್ಯಾಲ, ಆಯಿ?” ಅಂದು ಸುಮ್ಮನ ಕುಂತ್ಳು. “ಆಮ್ಯಾಲೇನಿಲ್ಲ” ಅಂದ್ರು ಅತ್ತಿ. ಅಕಿ ಆದ್ರೂ ಏಳಲಿಲ್ಲ. ಮತ್ತೊಂದು ಹಳ್ಳ ಆರಿಸಿದ್ಳು. ಆಗ ಅತ್ತಿ ಒಮ್ಮೆ ಅಡಗಿ ಮನಿ ಕಡೆ ನೋಡಿದ್ರು, ದನಿ ಸಣ್ಣದು ಮಾಡಿದ್ರು. ನಾನು ಕೊಡಾ ಎತ್ತಿಕೊಂಡು ಹಿತ್ತಲಕ್ಕ ಹೋದೆ. ನನ್ನ ಮುಂದ ಹೇಳೂ ಮಾತಲ್ಲ ಅದು ಅನ್ನೂದು ತಿಳೀತು.

ಅವತ್ತ ರಾತ್ರಿ ಆಯಿ ಒಪ್ಪಿಗಿ ತೊಗೊಂಡು ಮಗಳು ನನಗ ಹೇಳಿದ್ಳು. ಅತ್ತಿಗೆ ಅರವತ್ತಾರು. ಹೊರಗಾಗೂದು ನಿಂತು ಹದಿನೈದು ವರ್ಷ ಆಗೈತಿ. ಆದ್ರ ಪಂಚಮಿ ಆದಾಗಿಂದ ಆಗೊಮ್ಮೆ ಈಗೊಮ್ಮೆ ರಕ್ತದ ಕಲಿ ಕಾಣಿಸಿಕೊಳ್ಳಾಕತ್ತಿತ್ತಂತ. ಮೂರು ತಿಂಗಳಿಂದ ನಸಿಕಿನ್ಯಾಗ ಎದ್ದು ತಮ್ಮ ಅರಿವಿ ತಾವ ಒಗದು, ಯಾರಿಗೂ ಕಾಣಧಂಗ ಒಣ ಹಾಕಿ ತಗದಿಟ್ಟಿದ್ರು. “ವಯಸ್ಸಾದವ್ರಿಗೆ ನಿದ್ದಿ ಬರೂದಿಲ್ಲ, ಅದಕ್ಕ ಲಗೂ ಏಳ್ತಾರ” ಅಂತ ನಾನು ಒಂದ ಮನ್ಯಾಗ ಇದ್ದುಕೊಂಡು ತಿಳಕೊಂಡಿದ್ದೆ.

ಇಲ್ಲಿ ಒಂದು ಮಾತು ನಡಬರಕ ಹೇಳಿಬಿಡ್ತೀನಿ, ಎಲ್ಲಾರೂ ನೆನಪಿನ್ಯಾಗ ಇಟಗೋರಿ. ಮುಟ್ಟು ನಿಂತು ಒಂದು ವರ್ಷ ಆದಮ್ಯಾಲ ಒಂದ ಒಂದು ಕಲಿ ರಕ್ತ ಕಂಡ್ರೂ ಡಾಕ್ಟರಿಗೆ ತೋರಿಸಬೇಕು. ಹೆದರೂದು ಬ್ಯಾಡ, ನೂರು ಮಂದಿಗೆ ಹಿಂಗಾದ್ರ ತೊಂಬತ್ತು ಮಂದಿಗೆ ಕ್ಯಾನ್ಸರ್ ಇರೂದಿಲ್ಲ. ಆದ್ರ ಉಳಿದ ಹತ್ತರಾಗ ನಾವು ಅದೇವೋ ಇಲ್ಲೋ ಅನ್ನೂದು ಸ್ಕ್ಯಾನ್ ಮಾಡಿ, ಬೇಕಾದ್ರ ಗರ್ಭಚೀಲದ ಒಳಗಿನ ಪದರಿನ ಚೂರು ತಗದು ಪರೀಕ್ಷೆ ಮಾಡಿದ್ರನ ತಿಳಿಯೂದು. ಲಗೂ ಗೊತ್ತಾದ್ರ ಅದಕ್ಕೂ ಒಳ್ಳೆ ಉಪಚಾರ ಐತಿ. ನಮ್ಮ ಅತ್ತಿಗೆ ಒಳಗೊಂದು ಪಾಲಿಪ್, ಅಂದ್ರ ಸಣ್ಣ ಗಂಟಿನಂಗ ಮಾಂಸ ಬೆಳದಿತ್ತು. ತಗದ್ರು. ರಿಪೋರ್ಟಿನ್ಯಾಗ ಕ್ಯಾನ್ಸರ್ ಇಲ್ಲ ಅಂತ ಬಂತು. ರಿಪೋರ್ಟ್ ಬರೂ ತನಕ ಅತ್ತಿ ದೇವರ ಮುಂದ ಕುಂತವ್ರು ಏಳಲಿಲ್ಲ. ಬಂದಮ್ಯಾಲ ನನಗ ಒಂದ ಮಾತ ಅಂದ್ರು: “ಮೂರು ತಿಂಗಳು ಹೆದರಿಕೊಂಡು ಸತ್ತೇನವಾ. ನನ್ನ ಯಾರೂ ಕೇಳಲೇ ಇಲ್ಲಲ್ಲ.”

ಇಪ್ಪತ್ನಾಕು ವರ್ಷ ಆತು ನಾನು ಈ ಮನಿಗೆ ಬಂದು. ದಿನಾ ಕೇಳ್ತೀನಿ, “ಅತ್ತೀ, ಆರಾಮದೀರಿಲ್ರಿ?” ಅಂತ. ಕೇಳಿ, ಹೂಂ ಅನ್ನೂದ್ರಾಗ ಮುಂದ ಹೋಗಿರ್ತೀನಿ. ಅದು ಕೇಳಿದಂಗ ಅಲ್ಲಂತ ಈಗ ತಿಳೀತು.

ಈಗ ನನ್ನ ಕೈಯಾಗಿನ ಹಿಟ್ಟು ಯಾಕ ಕೈಯಾಗನ ಉಳೀತು ಅನ್ನೂದನ್ನ ಹೇಳ್ತೀನಿ. ಇದನ್ನ ನನ್ನ ತಂಗ್ಯಾರೂ ಓದ್ತಾರ. ಓದಲಿ. ಬಾಯಿಂದ ಹೇಳಾಕ ಆಗಲಿಲ್ಲ, ಬರದಾದ್ರೂ ಹೇಳ್ತೀನಿ.

ನಮ್ಮವ್ವ ತೀರಿಕೊಂಡು ಮೂರು ವರ್ಷ ಆಗಾಕ ಬಂತು. ಆ ಸಂಕ್ರಾಂತಿಗೆ ನಾನು ಸವದತ್ತಿ ಕಡೆ ತವರಿಗೆ ಹೋಗಿದ್ದೆ. ಅವ್ವಗ ಅರವತ್ತೆರಡು, ಹತ್ತು ವರ್ಷದಿಂದ ಸಕ್ಕರಿ ಜಡ್ಡು. ಭೋಗಿ ದಿನ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಬರ್ತ, ಮರುದಿನ ಹೋಳಿಗಿ, ಎಲ್ಲಾ ಅಕೀನ ಮಾಡಿದ್ಳು. ಹಬ್ಬದ ರಾತ್ರಿ “ಎದಿ ಹೊಟ್ಟಿ ನಡಬರಕ ಒಜ್ಜಿ ಆದಂಗ ಆಗೈತಿ, ಬೆನ್ನಾಗ ಹಿಡದಂಗ ಆಗೈತಿ, ಕೈಯಾಗ ಸತುವಿಲ್ಲ” ಅಂದ್ಳು. ನಾವೆಲ್ಲಾ ಹೆಣ್ಮಕ್ಳು ಒಂದ ದನಿಯಾಗ ಹೇಳಿದಿವಿ: ಗ್ಯಾಸು. ಅಜವಾನ ಕುದಿಸಿ ಕೊಟ್ಟಿವಿ, ಸೋಡಾ ತರಸಿದಿವಿ, ಬೆನ್ನ ತಿಕ್ಕಿದಿವಿ.

ಮರುದಿನ ಮುಂಜಾನಿ ಒಬ್ಬ ಡಾಕ್ಟರ ಹತ್ರ ಕರಕೊಂಡ ಹೋದೆ. ಊರೂ ಬ್ಯಾಡ, ಹೆಸರೂ ಬ್ಯಾಡ. ಹಬ್ಬದ ಮರುದಿನ, ಹೊರಗ ಐವತ್ತು ಮಂದಿ ಕುಂತಿದ್ರು. ನಮ್ಮ ಪಾಳಿ ಬಂತು. ಡಾಕ್ಟರ್ ತಲಿ ಎತ್ತಿ “ಏನಾಗೈತಿ?” ಅಂದ್ರು. ಅವ್ವ ಸೆರಗು ಸರಿ ಮಾಡಿಕೊಂಡು ಬಾಯಿ ತೆರಿಯೂದ್ರಾಗ ನಾನ ಅಂದೆ: “ಗ್ಯಾಸ್ ಆಗೈತ್ರಿ ಸರ. ಹಬ್ಬದ ಊಟ ಜಗ್ಗಿ ಆಗಿತ್ತು.” ಅವರು ಹೊಟ್ಟಿ ಒತ್ತಿ ನೋಡಿದ್ರು, ಒಂದು ಸೂಜಿ ಮಾಡಿದ್ರು, ಗ್ಯಾಸಿನ ಗುಳಿಗಿ ಬರದುಕೊಟ್ರು. ಎಲ್ಲಾ ಸೇರಿ ಎರಡು ಮಿನಿಟು ಆಗಿರಬೇಕು.

ಹೊರಗ ಬಂದು ಪಾವಟಣಿಗಿ ಇಳಿಯೂಮುಂದ ಅವ್ವ ನನ್ನ ಭುಜಾ ಹಿಡಕೊಂಡು, “ನಡದ್ರ ಜಾಸ್ತಿ ಆಕ್ಕೈತವಾ, ಕುಂತ್ರ ಇಳೀತೈತಿ. ನಾಕು ದಿನ ಆತು, ನೀರಿನ ಕೊಡಾ ತರೂಮುಂದೂ ಹಿಂಗ ಆಗಿತ್ತು” ಅಂದ್ಳು. ನಾನು, “ವಯಸ್ಸಾತಲ್ಲವಾ, ಗುಳಿಗಿ ತೊಗೊ, ಕಡಿಮಿ ಆಕ್ಕೈತಿ” ಅಂದೆ.

ಆ ರಾತ್ರಿ ಮೈ ತುಂಬ ತಣ್ಣಗಿನ ಬೆವರು ಬಂತು. ಗಾಡಿ ಮಾಡಿಕೊಂಡು ಧಾರವಾಡಕ್ಕ ಒಯ್ದಿವಿ. ಅಲ್ಲಿ ಇ.ಸಿ.ಜಿ. ತಗದು, “ಹಾರ್ಟ್ ಅಟ್ಯಾಕ್. ಆಗಿ ಭಾಳ ಹೊತ್ತಾಗೈತಿ, ತಡಾ ಮಾಡಿ ತಂದೀರಿ” ಅಂದ್ರು. ಬೆಳಗಾಗೂದ್ರಾಗ ಅವ್ವ ಹೋಗಿಬಿಟ್ಳು.

ಮೂರು ವರ್ಷ ಆ ಡಾಕ್ಟರನ್ನ ಬೈಕೋತ ಬಂದೀನಿ. ಬಂದವ್ರ ಮುಂದ, ಹೋದವ್ರ ಮುಂದ, “ಗ್ಯಾಸ್ ಅಂದು ನಮ್ಮವ್ವನ್ನ ಕಳದ” ಅಂತ ಹೇಳೀನಿ. ಗ್ಯಾಸ್ ಅಂದಾಕಿ ಮೊದಲು ನಾನು ಅನ್ನೂದನ್ನ ಮಾತ್ರ ಯಾರಿಗೂ ಹೇಳಿರಲಿಲ್ಲ. ಅವ್ವನ ಆ ಪಾವಟಣಿಗಿ ಮಾತು ನನಗೊಬ್ಬಾಕಿಗೆ ಗೊತ್ತಿತ್ತು. “ಪೇಷಂಟ್ ನೀನೋ ಆಯಿನೋ” ಅಂತ ಮಗಳು ಕೇಳಿದಾಗ ಆ ಮೆಟ್ಟಲಾ ಕಣ್ಣಮುಂದ ಬಂತು.

ಅತ್ತಿ ರಿಪೋರ್ಟ್ ಬಂದ ರಾತ್ರಿ ಇದನ್ನೆಲ್ಲಾ ಮಗಳ ಮುಂದ ಹೇಳಿದೆ. ಅಕಿ ನನ್ನ ಕೈ ಹಿಡಕೊಂಡು ಭಾಳ ಹೊತ್ತು ಕುಂತ್ಳು. “ನಿಂದೇನ ತಪ್ಪಿಲ್ಲ ಬಿಡು” ಅಂತ ಅನ್ನಲಿಲ್ಲ. ಅಂದಿದ್ರ ನಾನು ನಂಬತಿರಲಿಲ್ಲ. ಆಮ್ಯಾಲ, “ಅವ್ವಾ, ಇದರ ಮ್ಯಾಲನ ಮಂದಿ ಸಂಶೋಧನಾ ಮಾಡ್ಯಾರ. ಡಾಕ್ಟರ್ ತಲಿ ಹೆಂಗ ಕೆಲಸಾ ಮಾಡ್ತೈತಿ, ಹುಡುಗೂರಿಗೆ ಅದನ್ನ ಹೆಂಗ ಕಲಸೂದು ಅಂತ. ನನಗ ಸೆಮಿನಾರಿಗೆ ಅದ ವಿಷಯ ಬಂದಿತ್ತು” ಅಂದ್ಳು. ಅಕಿ ಹೇಳಿದ್ದನ್ನ ನನಗ ತಿಳಿದಷ್ಟು ಇಲ್ಲಿ ಬರೀತೀನಿ.

ಕೆನಡಾ ದೇಶದಾಗ 2002ರಾಗ ಒಂದು ಪ್ರಯೋಗ ಮಾಡಿದ್ರಂತ. ಕಲಿಯೂ ಡಾಕ್ಟರರಿಗೆ ರೋಗಿಗಳ ಮಾರಿ ಫೋಟೋ ತೋರಿಸಿ, ಜೊತಿಗೆ ಇದು ಇಂಥಾ ಜಡ್ಡು ಇರಬಹುದು ಅಂತ ಒಂದು ಹೆಸರು ಹೇಳೂದು. ಕೆಲವರಿಗೆ ಖರೇ ಹೆಸರು, ಕೆಲವರಿಗೆ ಬ್ಯಾರೇ ಹೆಸರು. ಯಾರಿಗೆ ಯಾವ ಹೆಸರು ಹೇಳಿದ್ರೋ ಅವರಿಗೆ ಆ ಜಡ್ಡಿನ ಗುರುತನ ಫೋಟೋದಾಗ ಹೆಚ್ಚು ಕಂಡ್ವು. ಫೋಟೋ ಮಾತ್ರ ಒಂದ. ಅಂದ್ರ, ಹೆಸರು ಮೊದಲು ಕಿವಿಗೆ ಬಿದ್ರ ಕಣ್ಣೂ ಅದರ ಹಿಂದನ ಹೋಗ್ತೈತಿ. ನಾನು ‘ಗ್ಯಾಸ್’ ಅಂದಾಗ ಆ ಡಾಕ್ಟರ್ ಕೈ ಸೀದಾ ಹೊಟ್ಟಿಗೆ ಹೋದದ್ದು ನನಗ ಆಗ ನೆನಪಾತು.

ಎರಡನೇದು, ಕೇಳೂ ವಿಚಾರ. ಅಮೇರಿಕಾದಾಗ 1984ರಾಗ 74 ಭೇಟಿಗಳನ್ನ ಟೇಪ್ ಮಾಡಿ ಕೇಳಿದ್ರಂತ. ರೋಗಿ ಮಾತು ಸುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡಬರಕ ಬಾಯಿ ಹಾಕಿರ್ತಿದ್ರು. ನಾಕು ಮಂದ್ಯಾಗ ಒಬ್ರಿಗೂ ಪೂರ್ತಿ ಹೇಳಾಕ ಆಗಿರಲಿಲ್ಲ. ಹಂಗಾದ್ರ ಬಿಟ್ರ ರೋಗಿ ಎಷ್ಟೊತ್ತು ಮಾತಾಡ್ತಾನು? ಮುಂಜಾನಿಯಿಂದ ಸಂಜೀ ತನಕ ಮಾತಾಡ್ತಾನೇನು? ಇದನ್ನ ಸ್ವಿಟ್ಜರ್ಲೆಂಡಿನ್ಯಾಗ ಅಳದಾರ. 335 ರೋಗಿಗಳು, ಡಾಕ್ಟರರು ಬಾಯಿ ಮುಚ್ಚಿಕೊಂಡು ಕುಂತ್ರು. ಸರಾಸರಿ 92 ಸೆಕೆಂಡಿಗೆ ರೋಗಿ ತಾನಾಗೇ ಮಾತು ಮುಗಿಸಿದ. ಎಷ್ಟಂದ್ರ ನಾವು ಒಂದು ರೊಟ್ಟಿ ಬಡದು ಹಂಚಿಗೆ ಹಾಕೂವಷ್ಟು ಹೊತ್ತು. ಅವ್ವಗ ಅಷ್ಟು ಹೊತ್ತು ಸಿಕ್ಕಿದ್ರ ಪಾವಟಣಿಗಿ ಮ್ಯಾಲಿನ ಮಾತು ಒಳಗನ ಬರ್ತಿತ್ತು.

ಆ ಮಾತಿನ ಬೆಲಿ ಎಷ್ಟು ಅನ್ನೂದನ್ನೂ ಒಬ್ರು ಲೆಕ್ಕಾ ಹಾಕ್ಯಾರ. ಇಂಗ್ಲೆಂಡಿನ್ಯಾಗ 1975ರಾಗ 80 ಮಂದಿ ಹೊಸ ರೋಗಿಗಳನ್ನ ನೋಡಿದ್ರು. ಬರೇ ಪತ್ರ ಓದಿ, ಕಥಿ ಕೇಳಿ ಅಂದಾಜು ಮಾಡಿದ ಜಡ್ಡು 66 ಮಂದಿಗೆ ಕಡೀ ತನಕ ಅದ ಖರೇ ಆತು. ಮೈ ಮುಟ್ಟಿ ಪರೀಕ್ಷೆ ಮಾಡಿದ್ದರಿಂದ ಬದಲಾದದ್ದು 7 ಮಂದಿದು, ಲ್ಯಾಬಿನ ಪರೀಕ್ಷೆಯಿಂದ ಮತ್ತ 7 ಮಂದಿದು. ಈಗ ಮಷೀನು ಹೆಚ್ಚಾಗ್ಯಾವು ಖರೇ. ಆದ್ರ ಯಾವ ಮಷೀನಿಗೆ ಕಳಸಬೇಕು ಅನ್ನೂದನ್ನ ಹೇಳೂದು ಕಥೀನ ಅಲ್ಲೇನ್ರಿ? ‘ನಡದ್ರ ಜಾಸ್ತಿ, ಕುಂತ್ರ ಕಡಿಮಿ’ ಅನ್ನೂ ನಾಕು ಶಬ್ದ ಕೇಳಿದ್ರ ಯಾವ ಡಾಕ್ಟರೂ ಇ.ಸಿ.ಜಿ. ಬಿಡತಿರಲಿಲ್ಲ ಅಂದ್ಳು ಮಗಳು.

“ಹಂಗಾದ್ರ ಕೆಲವು ಡಾಕ್ಟರಿಗೆ ಬಾಗಲದಾಗ ಬಂದವ್ರನ್ನ ನೋಡಿದ ಕೂಡ್ಲೆ ತಿಳೀತೈತಿ ಅಂತಾರಲ್ಲ, ಅದು ಹೆಂಗ?” ಅಂತ ಕೇಳಿದೆ. ನಮ್ಮ ಕಡೆ ಕೈಗುಣ ಅಂತೀವಿ ಅದಕ್ಕ. ಮಗಳು ನಕ್ಕು, “ಅವ್ವಾ, ಹಿಟ್ಟು ಮುಟ್ಟಿದ ಕೂಡ್ಲೆ ಜಿಗಿ ಐತೋ ಇಲ್ಲೋ ಅಂತ ನಿನಗ ಹೆಂಗ ತಿಳೀತೈತಿ?” ಅಂದ್ಳು.

ನಿಮಗೆಲ್ಲಾ ಗೊತ್ತಿದ್ದದ್ದ. ಬೀಸಿ ಭಾಳ ದಿನ ಆದ ಹಿಟ್ಟಿಗೆ ಜಿಗಿ ಇರೂದಿಲ್ಲ, ಬಡಿಯೂಮುಂದ ಅಂಚು ಒಡೀತಾವು. ಆದ್ರ ಮುಟ್ಟಿದ ಕೂಡ್ಲೆ ಹೆಂಗ ತಿಳೀತು ಅಂತ ಸೊಸಿಗೆ ಹೇಳಾಕ ಬರೂದಿಲ್ಲ. ನೂರು ಸಲ ಕೆಟ್ಟು, ನೂರು ಸಲ ಬಡದು ಕೈಗೆ ಬಂದಿರ್ತೈತಿ. ಡಾಕ್ಟರದ್ದೂ ಹಂಗ ಅಂತ. ಅಮೇರಿಕಾದ ಮಿಷಿಗನ್ನಿನ್ಯಾಗ ಎಲ್‌ಸ್ಟೈನ್ ಮತ್ತು ಅವರ ಜೊತಿಗಾರರು, ಹೆಸರಾದ ಡಾಕ್ಟರರ ಹತ್ರ ಏನೋ ಗುಟ್ಟಿನ ವಿಚಾರ ಪದ್ಧತಿ ಇರಬೇಕು, ಅದನ್ನ ಹಿಡದು ಹುಡುಗೂರಿಗೆ ಕಲಿಸೂಣು ಅಂತ ಹೊಂಟ್ರು. ನಟರಿಗೆ ರೋಗಿ ವೇಷಾ ಹಾಕಿಸಿ ಡಾಕ್ಟರರ ಮುಂದ ಕುಂದರಿಸಿದ್ರು. 1978ರಾಗ ಪುಸ್ತಕ ಬಂತು. ಗುಟ್ಟಿನ ಪದ್ಧತಿ ಅಂತ ಏನೂ ಸಿಗಲಿಲ್ಲ. ಹೆಸರಾದವ್ರೂ ಸಾದಾ ಡಾಕ್ಟರರೂ ಎಲ್ಲಾರೂ ಮೊದಲಿನ ಕೆಲವು ಮಿನಿಟಿನ್ಯಾಗನ ಕೆಲವು ಅಂದಾಜು ಹಾಕಿಬಿಡ್ತಾರ. ಫರಕು ಇರೂದು ಅವರು ನೋಡಿದ್ದರಾಗ, ನೆನಪಿನ್ಯಾಗ ಜೋಡಿಸಿ ಇಟ್ಟದ್ದರಾಗ. ಅದಕ್ಕ ಒಂದು ಜಡ್ಡಿನ್ಯಾಗ ಹುಶಾರಿದ್ದವ್ರು ಇನ್ನೊಂದ್ರಾಗ ಎಡವಬಹುದು. ಎಣ್ಣಿಗಾಯಿ ಹದಾ ಗೊತ್ತಿದ್ದಾಕಿಗೆ ಕರ್ಚಿಕಾಯಿ ಹದಾ ತಾನಾಗೇ ಬರೂದಿಲ್ಲಲ್ಲ.

ಮುಂದ 1990ರಾಗ ಷ್ಮಿಟ್, ನಾರ್ಮನ್, ಬೊಶೌಜೆನ್ ಅನ್ನೂ ಮೂವರು ಇದನ್ನ ಇನ್ನಷ್ಟು ಬಿಡಿಸಿ ಹೇಳಿದ್ರು. ಕಲಿಯೂ ಹುಡುಗೂರ ತಲ್ಯಾಗ ಮೊದಲು ಬರೇ ಪುಸ್ತಕದ ಮಾತು ಇರ್ತಾವು. ರೋಗಿಗಳನ್ನ ನೋಡಿಕೋತ ಹೋದಂಗ ಅದು ಜಡ್ಡಿನ ಕಥಿ ಆಗಿ ಕುಂದರತೈತಿ. ಎಂಥವ್ರಿಗೆ ಬರ್ತೈತಿ, ಒಳಗ ಏನ ಕೆಡತೈತಿ, ಹೊರಗ ಏನ ಕಾಣತೈತಿ, ಮುಂದ ಏನಾಕ್ಕೈತಿ, ಎಲ್ಲಾ ಒಂದ ಎಳಿಯಾಗ. ಯಲ್ಲಮ್ಮನ ಜಾತ್ರಿಗೆ ಬರೂ ಕಂಪನಿ ನಾಟಕಾ ನೋಡಿ ನೋಡಿ ನಮಗ ರೂಢಿ ಆಗಿರ್ತೈತಿ. ಒಬ್ಬ ಮೀಸಿ ತಿರುವಿಕೋತ ಬಂದ ಅಂದ್ರ ಇವ ಏನ ಮಾಡ್ತಾನ ಅಂತ ಮೊದಲ ಹೇಳ್ತೀವಿ. ಹಂಗ.

ಆದ್ರ ಈ ಕಥ್ಯಾಗ ಒಂದು ಮೋಸ ಐತಿ. ಹಾರ್ಟ್ ಅಟ್ಯಾಕಿನ ಕಥಿ ಅಂದ್ರ ಎಲ್ಲಾರ ತಲ್ಯಾಗ ಒಬ್ಬ ಗಂಡಸು ಎದಿ ಹಿಡಕೊಂಡು ಬೀಳೂದು. ಸಿನಿಮಾದಾಗ ಹಂಗ ತೋರಿಸ್ತಾರ. ಹೆಂಗಸರಿಗೂ ಎದಿನೋವು ಬರೂದ ಹೆಚ್ಚು. ಆದ್ರ ಅದರ ಜೊತಿಗೆ, ಇಲ್ಲಾ ಅದು ಇಲ್ಲದನೂ, ದಮ್ಮು, ಓಕರಿಕಿ, ದವಡಿ ನೋವು, ಬೆನ್ನು ನೋವು, ಸುಸ್ತು ಗಂಡಸರಿಗಿಂತ ಹೆಚ್ಚು ಕಾಣತಾವು. ಸಕ್ಕರಿ ಜಡ್ಡು ಇದ್ದವ್ರಿಗೆ ನೋವು ಕಡಿಮಿ ಗೊತ್ತಾಗಬಹುದು. ನಮ್ಮವ್ವ ಹೆಣ್ಮಗಳು, ಸಕ್ಕರಿನೂ ಇತ್ತು, ಅದರಾಗ ಹಬ್ಬದ ಮರುದಿನ. ನಾನು ನೋಡಿದ ಕಥ್ಯಾಗ ಅಕಿ ಇರಲೇ ಇಲ್ಲ.

ಅದಕ್ಕ ಬರೇ ಒಂದ ನಮೂನಿ ನೋಡಿ ಕಲೀಬಾರದಂತ. ಕೆನಡಾದಾಗ 2003ರಾಗ ಇ.ಸಿ.ಜಿ. ಓದೂದನ್ನ ಕಲಸೂಮುಂದ ಕೆಲವು ಹುಡುಗೂರಿಗೆ ಒಂದ ಜಡ್ಡಿನ ಪಟ್ಟಿ ಎಲ್ಲಾ ಒಟ್ಟಿಗೆ, ಆಮ್ಯಾಲ ಇನ್ನೊಂದರದ್ದು, ಹಿಂಗ ಕೊಟ್ರು. ಕೆಲವರಿಗೆ ಎಲ್ಲಾ ಕಲಿಸಿ ಕೊಟ್ರು. ಕಲಿಸಿ ಕೊಟ್ಟವ್ರ ಪರೀಕ್ಷಾದಾಗ ಚೊಲೋ ಮಾಡಿದ್ರು. ಯಾಕಂದ್ರ ದವಾಖಾನಿಗೆ ಜಡ್ಡು ಪಾಠದ ಪ್ರಕಾರ ಪಾಳಿ ಹಚ್ಚಿ ಬರೂದಿಲ್ಲ. ಗ್ಯಾಸೂ ಬರ್ತೈತಿ, ಗ್ಯಾಸಿನಂಗ ಕಾಣೂ ಹಾರ್ಟೂ ಬರ್ತೈತಿ. ಎರಡನ್ನೂ ಬಾಜೂಕ ಬಾಜೂಕ ಇಟ್ಟು ಫರಕು ನೋಡಿದಾಗನ ಕಣ್ಣು ಪಳಗೂದು.

ನಮ್ಮ ಅಜ್ಜಿ ಕಾಲಕ್ಕ ದೊಡ್ಡ ಜಡ್ಡಂದ್ರ ಮಿರಜಿಗೆ ಒಯ್ತಿದ್ರು. ಆಮ್ಯಾಲ 1957ರಾಗ ಹುಬ್ಬಳ್ಳ್ಯಾಗ ಮೆಡಿಕಲ್ ಕಾಲೇಜು ಆತು, 1963ರಾಗ ಬೆಳಗಾವ್ಯಾಗ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಆತು. ನಮ್ಮ ಮಕ್ಕಳಿಗೆ ಮನಿ ಹತ್ರನ ಡಾಕ್ಟರ್ ಆಗೂ ದಾರಿ ಬಂತು. ಆದ್ರ ಭಾಳ ವರ್ಷ, ಸುರುವಿಗೆ ಹೆಣಾ ಕೊಯ್ಯೂದು, ಪುಸ್ತಕ ಬಾಯಿಪಾಠ ಮಾಡೂದು, ಜೀವಂತ ರೋಗಿ ಸಿಗೂದು ಆಮ್ಯಾಲ. 2019ರಾಗ ದೇಶಕ್ಕೆಲ್ಲಾ ಹೊಸಾ ಪಠ್ಯಕ್ರಮ ಬಂದಮ್ಯಾಲ ಮೊದಲ ವರ್ಷದಿಂದನ ರೋಗಿಗಳ ಹತ್ರ ಕರಕೊಂಡ ಹೋಗ್ತಾರ, ಮಾತಾಡೂದು ಹೆಂಗ ಅನ್ನೂದನ್ನೂ ಪಾಠ ಮಾಡ್ತಾರ. 2022ರಿಂದ ಇನ್ನೊಂದು ಬಂದೈತಿ. ಒಬ್ಬೊಬ್ಬ ವಿದ್ಯಾರ್ಥಿ ಹಳ್ಳ್ಯಾಗ ಕೆಲವು ಮನಿ ದತ್ತು ತೊಗೊಂಡು ವರ್ಷಾನಗಟ್ಲೆ ಅವರ ಆರೋಗ್ಯ ನೋಡಿಕೋತ ಇರಬೇಕು. ನಮ್ಮ ಮಗಳಿಗೂ ಒಂದು ಹಳ್ಳಿ ಐತಿ. ಮೊದಲನೇ ಸಲಾ ಹೋದಾಗ ಆ ಮನಿ ಅಜ್ಜಿ ಚಾ ಕೊಟ್ಟು, “ನಿನ್ನ ಮದುವಿ ಯಾವಾಗ?” ಅಂತ ಅಕೀನ್ನ ಹಿಸ್ಟರಿ ಕೇಳಿ ಕಳಿಸಿದ್ಳಂತ.

ಎಲ್ಲಾ ಹೇಳಿ ಮುಗಿಸಿ ಮಗಳು ಒಂದು ಪ್ರಶ್ನಿ ಕೇಳಿದ್ಳು. “ಅವ್ವಾ, ಆ ಡಾಕ್ಟರಿಗೆ ಗೊತ್ತೈತೇನು, ಆಯಿ ತೀರಿಕೊಂಡಿದ್ದು?”

“ಯಾರ ಹೇಳ್ತಾರ? ನಾನ್ಯಾಕ ಹೇಳ್ಲಿ?”

“ಹಂಗಾದ್ರ ಅವರ ಲೆಕ್ಕದಾಗ ಆಯಿ ಗ್ಯಾಸಿನ ಗುಳಿಗಿ ತೊಗೊಂಡು ಆರಾಮ ಆಗ್ಯಾಳ.”

ಈ ಮಾತು ನನ್ನ ಹೊಟ್ಟ್ಯಾಗ ಕಲ್ಲು ಬಿದ್ದಂಗ ಆತು. ನಾನು ಹಿಟ್ಟಿನ ಹದಾ ಕಲತದ್ದು ಹೆಂಗ? ರೊಟ್ಟಿ ಒಡೀತಲ್ಲ, ಕಣ್ಣೆದುರಿಗೆ ಒಡೀತು. ಡಾಕ್ಟರಿಗೆ ಒಡದ ರೊಟ್ಟಿ ಕಾಣೂದಿಲ್ಲ. ತಪ್ಪಿದ್ರ ರೋಗಿ ಬ್ಯಾರೇ ಊರಿಗೆ ಹೋಗಿರ್ತಾನ, ಇಲ್ಲಾ ಮಣ್ಣಿಗೆ ಹೋಗಿರ್ತಾನ. ತಿರುಗಿ ಬಂದು ಹೇಳೂ ಮಂದಿ ಇಲ್ಲ. ಕಾಲೇಜಿನ್ಯಾಗ ಗುರುಗಳು ಸರಿ ತಪ್ಪು ಹೇಳ್ತಾರ, ಹೊರಗ ಬಂದಮ್ಯಾಲ ಹೇಳೂದು ಯಾರು? ಮೂರು ವರ್ಷ ಊರಿಗೆಲ್ಲಾ ಹೇಳೀನಿ, ಕೇಳಬೇಕಾದ ಒಬ್ಬರಿಗೆ ಬಿಟ್ಟು.

ಹದಿನೈದು ದಿನ ಹೋಗಬೇಕು ಬ್ಯಾಡ ಅಂತ ಹೊಯ್ದಾಡಿದೆ. ಒಂದು ದಿನ ಮಧ್ಯಾಹ್ನ, ಗದ್ದಲ ಇಲ್ಲದ ಹೊತ್ತು ನೋಡಿ ಹೋದೆ. “ಏನಾಗೈತಿ ತಾಯಿ?” ಅಂದ್ರು. “ನನಗೇನೂ ಆಗಿಲ್ರಿ. ಮೂರು ವರ್ಷದ ಹಿಂದ ಸಂಕ್ರಾಂತಿ ಮರುದಿನ ನಮ್ಮವ್ವನ್ನ ತೋರಿಸಾಕ ಬಂದಿದ್ದೆ, ಅದನ್ನ ಹೇಳಾಕ ಬಂದೀನಿ” ಅಂದೆ. ಅವರಿಗೆ ನೆನಪಿರಲಿಲ್ಲ. ಹೆಂಗ ಇರ್ತೈತಿ? ಪೂರ್ತಿ ಹೇಳಿದೆ. ಧಾರವಾಡದ್ದೂ ಹೇಳಿದೆ. ಕಡೀಕ, “ಗ್ಯಾಸ್ ಅಂತ ಮೊದಲ ಅಂದಾಕಿ ನಾನ್ರಿ. ಅವ್ವಗ ಬಾಯಿ ತೆರಿಯಾಕ ಬಿಡಲಿಲ್ಲ” ಅಂದೆ. ಅಷ್ಟು ಹೇಳೂದ್ರಾಗ ಕಣ್ಣಾಗ ನೀರು ಬಂದಿದ್ವು.

ಅವರು ನಡಬರಕ ಒಂದು ಮಾತೂ ಆಡಿರಲಿಲ್ಲ. ಪೆನ್ನು ಕೆಳಗ ಇಟ್ರು. “ನೀವು ಏನರ ಅನ್ರಿ ತಾಯಿ, ಕೇಳಬೇಕಾದಂವ ನಾನಿದ್ದೆ” ಅಂದ್ರು. ಆಮ್ಯಾಲ, “ನಡದ್ರ ಜಾಸ್ತಿ ಆಗ್ತಿತ್ತು ಅಂದಿದ್ರೇನು?” ಅಂತ ಕೇಳಿ, ಅಲ್ಲೇ ಇದ್ದ ಚೀಟ್ಯಾಗ ಏನೋ ಬರಕೊಂಡ್ರು. ಹೊರಗ ಬಾಗಲಾ ತನಕ ಬಂದು ನಿಂತ್ರು. ನನ್ನ ಸಿಟ್ಟು ಪೂರಾ ಹೋತು ಅಂದ್ರ ಸುಳ್ಳಾಕ್ಕೈತಿ. ಅರ್ಧಾ ಹೋಗೈತಿ. ಉಳಿದ ಅರ್ಧಾದಾಗ ನನ್ನ ಪಾಲೂ ಐತಿ, ಅದನ್ನ ನಾನ ಹೊರಬೇಕು. ಅದ ಪಾವಟಣಿಗಿ ಇಳದು ಬಂದೆ.

ಅಕ್ಕಾರ, ತಂಗ್ಯಾರ, ನನ್ನ ಕಡೆಯಿಂದ ಇಷ್ಟ ಹೇಳ್ತೀನಿ. ದವಾಖಾನಿಗೆ ಹೋದಾಗ ಗ್ಯಾಸು, ಪಿತ್ತ, ಉಷ್ಣ, ಶೀತ ಅಂತ ಜಡ್ಡಿನ ಹೆಸರು ನಾವು ಇಡೂದು ಬ್ಯಾಡ. ಏನಾಗ್ತೈತಿ ಅದನ್ನ ಹೇಳೂಣು. ಯಾವಾಗಿಂದ, ಆಗ ಏನ ಮಾಡಾಕತ್ತಿದ್ವಿ, ಎಲ್ಲಿ ನೋವು, ಅದು ಎತ್ತಾಗ ಹೋಗ್ತೈತಿ, ಏನ ಮಾಡಿದ್ರ ಹೆಚ್ಚು, ಏನ ಮಾಡಿದ್ರ ಕಡಿಮಿ, ಮೊದಲ ಯಾವ ಗುಳಿಗಿ ನಡದಾವು. ಅತ್ತೀನ್ನೋ ಅವ್ವನ್ನೋ ಕರಕೊಂಡ ಹೋದ್ರ ಮೊದಲು ಅವರು ಮಾತಾಡಲಿ, ಬಿಟ್ಟದ್ದೇನರ ಇದ್ರ ಕಡೀಕ ನಾವು ಹೇಳೂಣು. ಗಂಡಸರ ಮುಂದ ಹೇಳಾಕ ನಾಚಿಕಿ ಅನಿಸಿದ್ರ ಹೊರಗ ಕಳಸೂಣು. ಹೊರಡೂಮುಂದ “ಮತ್ತೇನರ ಇರಬಹುದೇನ್ರಿ ಸರ?” ಅಂತ ಒಂದ ಮಾತು ಕೇಳೂಣು, ಅದು ಡಾಕ್ಟರಿಗೂ ಇನ್ನೊಮ್ಮೆ ವಿಚಾರ ಮಾಡಾಕ ದಾರಿ. ಎದಿ, ಬೆನ್ನು, ದವಡಿ, ಹೊಟ್ಟಿ ಮ್ಯಾಲಿನ ಭಾಗದಾಗ ಒಜ್ಜಿ ಆಗಿ ಬೆವರು ಬಂದ್ರ ಅಜವಾನ ಕುದಿಸಿಕೋತ ಕುಂದರಬ್ಯಾಡ್ರಿ, ಇ.ಸಿ.ಜಿ. ಇರೂ ಕಡೆ ಹೋಗ್ರಿ. 2023ರಿಂದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಅನ್ನೂ ಯೋಜನಾದಾಗ ಹಲವು ಸರ್ಕಾರಿ ತಾಲೂಕು ದವಾಖಾನಿಗಳೊಳಗ ಇ.ಸಿ.ಜಿ. ತಗದು ತುರ್ತು ಸೂಜಿ ಕೊಡೂ ವ್ಯವಸ್ಥಾ ಮಾಡ್ಯಾರ.

ಆರಾಮ ಆದ್ರೂ ಹೇಳ್ರಿ, ಆಗಲಿಲ್ಲಂದ್ರೂ ಹೋಗಿ ಹೇಳ್ರಿ. ಬಿಳಿ ಕೋಟಿನ ಹುಡುಗೂರು ನೋಟ್‌ಬುಕ್ಕು ಹಿಡಕೊಂಡು ನಿಮ್ಮ ಬಾಗಲಕ್ಕ ಬಂದ್ರ “ಹೋಗ್ರಪಾ, ಕೆಲಸೈತಿ” ಅನಬ್ಯಾಡ್ರಿ. ಚಾಪಿ ಹಾಸಿ ಕುಂದರಿಸ್ರಿ. ಅವರು ಒಂದ ಪ್ರಶ್ನಿ ಎರಡು ಸಲ ಕೇಳಿದ್ರೂ ಹೇಳ್ರಿ. ನಾಳೆ ನಮ್ಮ ನಿಮ್ಮ ಮಕ್ಕಳನ್ನ ನೋಡವ್ರು ಅವರ.

ನಮ್ಮ ಅತ್ತಿ ಈಗ ಆರಾಮದಾರ. ಮೊನ್ನಿ ಬಾಜೂ ಮನಿ ಕಾಕು ಬಂದು, “ಯಾಕೋ ಪಿತ್ತ ಜಾಸ್ತಿ ಆಗೈತ್ರಿ ಎಕ್ಕಾ” ಅಂದ್ರು. ಅತ್ತಿ ಮರಾ ಬಾಜೂಕ ಸರಿಸಿ, ಕನ್ನಡಕ ಏರಿಸಿಕೊಂಡು, “ಹೆಸರು ಬ್ಯಾಡವಾ. ಏನಾಗ್ತೈತಿ ಅದನ್ನ ಹೇಳು” ಅಂದ್ರು. ಕಾಕು ಹೇಳಿದ್ರು, ಹೇಳಿ ಸುಮ್ಮನಾದ್ರು. ಅತ್ತಿ ಜೋಳದಾಗಿನ ಒಂದು ಹಳ್ಳ ಆರಿಸಿ ಒಗದು, “ಆಮ್ಯಾಲ?” ಅಂದ್ರು.